ನಾಲ್ಕನೆಯ ಗುಂಡಿ

ಗುಂಡಿ ತೋಡಿ ಮುಗಿಸಿದ ಮೇಲೆ ಅವಳು ಅದರಲ್ಲಿ ಮಲಗುತ್ತಿದ್ದಳು. ಅಂಗಾತ. ಎರಡೂ ಕೈ ಪಕ್ಕಕ್ಕೆ. ಭುಜ ಮಣ್ಣಿನ ಗೋಡೆಗೆ ತಾಗಿದರೆ ಎದ್ದು ಇನ್ನಷ್ಟು ಕೆರೆಯುತ್ತಿದ್ದಳು. ಬೆನ್ನಿಗೆ ಕಲ್ಲು ಒತ್ತಿದರೆ ಕಿತ್ತು ಹೊರಗೆಸೆಯುತ್ತಿದ್ದಳು. ಮತ್ತೆ ಮಲಗುತ್ತಿದ್ದಳು. ಅವಳ ಮೈ ಒಪ್ಪುವ ತನಕ ಅದು ಗುಂಡಿಯಲ್ಲ, ಬರೀ ತಗ್ಗು.

ನೋಡಿದವರಿಗೆ ಇದು ಹುಚ್ಚು. ಹೆಣ ತಂದವರು ಮುಖ ತಿರುಗಿಸುತ್ತಿದ್ದರು. ಇವಳು ಒಂದು ದಿನ ಅಲ್ಲೇ ನಿದ್ದೆ ಹೋಗುತ್ತಾಳೆ, ನಾವು ಮಣ್ಣು ಮುಚ್ಚಿ ಮನೆಗೆ ಹೋಗುತ್ತೇವೆ ಎಂದು ಸ್ಮಶಾನದ ಮೇಸ್ತ್ರಿ ಬಂದವರ ಮುಂದೆಲ್ಲ ಗೇಲಿ ಮಾಡುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಲಗಿ ನೋಡುವುದನ್ನು ಅವಳಿಗೆ ಕಲಿಸಿದವನು ಬೇರೆ.

ಊರಿಗೆಲ್ಲ ಅವಳು ಹಾರೆಯಮ್ಮ. ಮೊದಲು ಹಾರೆ ಹಿಡಿಯುತ್ತಿದ್ದವನು ಅವಳ ಗಂಡ. ಊರಿನ ಸತ್ತವರಿಗೆಲ್ಲ ಗುಂಡಿ ತೋಡಿದವನು ಸತ್ತಾಗ ಅವನಿಗೆ ತೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಅಂಟುಜ್ವರ ಅಂತ ಎಲ್ಲರೂ ಕೈ ತೊಳೆದುಕೊಂಡರು. ಅವಳು ಗಂಡನನ್ನು ಗೋಡೆಯ ನೆರಳಿಗೆ ಎಳೆದು ಮಲಗಿಸಿ ತಾನೇ ಹಾರೆ ಹಿಡಿದಳು. ಮೊದಲ ಏಟಿಗೆ ಹಾರೆ ಕಲ್ಲಿಗೆ ತಾಗಿ ಮೊಣಕೈ ಜುಮ್ಮೆಂದಿತು. ಬಿಸಿಲೇರುವ ಹೊತ್ತಿಗೆ ಅಂಗೈ ಸುಲಿದು ರಕ್ತಕ್ಕೆ ಹಾರೆ ಜಾರುತ್ತಿತ್ತು. ಆಗ ಗೇಟಿನ ಪಕ್ಕದ ತಗಡಿನ ಷೆಡ್ಡಿನಿಂದ ಒಂಟಿಕಾಲಿನ ಮುದುಕನೊಬ್ಬ ಊರುಗೋಲು ಊರಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ಕೂತ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಂಚು ಕೆರೆಯಬೇಡ ನಡುವಿನಿಂದ ಇಳಿ ಎಂದ. ಬಗ್ಗಿ ಹೊಡೆಯಬೇಡ ಮಂಡಿ ಮಡಿಸು ಎಂದ. ಮಣ್ಣು ದೂರ ಹಾಕು, ಇಲ್ಲದಿದ್ದರೆ ಅದೇ ವಾಪಸು ನಿನ್ನ ತಲೆ ಮೇಲೆ ಬೀಳುತ್ತೆ ಎಂದ. ಎದೆಮಟ್ಟ ಇಳಿದ ಮೇಲೆ, "ಈಗ ಮಲಗಿ ನೋಡು" ಎಂದ.

ಅವಳು ಬೆಚ್ಚಿ ಅವನನ್ನೇ ನೋಡಿದಳು.

"ನಿನಗೆ ಒತ್ತಿದ್ದು ಅವನಿಗೂ ಒತ್ತುತ್ತೆ ಮಗಾ. ಅವನು ಬಾಯಿ ಬಿಟ್ಟು ಹೇಳಲ್ಲ, ಅಷ್ಟೆ."

ಅವಳು ಮಲಗಿದಳು. ಬೆನ್ನ ಕೆಳಗೆ ಎರಡು ಕಲ್ಲು ಸಿಕ್ಕವು. ಎದ್ದು ಹತ್ತುವಾಗ ಕೈಲಾಗಲಿಲ್ಲ. ಮುದುಕ ಊರುಗೋಲನ್ನು ಗುಂಡಿಯೊಳಗೆ ಇಳಿಬಿಟ್ಟ. ಅದನ್ನು ಹಿಡಿದು ಮೇಲೆ ಬಂದಳು. ಅಂದಿನಿಂದ ಅವಳು ತೋಡಿದ ಪ್ರತಿ ಗುಂಡಿಯ ಅಂಚಿನಲ್ಲೂ ಅವನು ಕೂತಿರುತ್ತಿದ್ದ. ಪ್ರತಿ ಸಲವೂ ಅದೇ ಊರುಗೋಲು ಕೆಳಗಿಳಿಯುತ್ತಿತ್ತು. ಅವಳು ಅವನನ್ನು ಮಾವ ಅನ್ನುತ್ತಿದ್ದಳು. ಊರು ಕ್ಯಾಪ್ಟನ್ ಅನ್ನುತ್ತಿತ್ತು.

ಕ್ಯಾಪ್ಟನ್ ಅನ್ನುವುದು ಗೇಲಿಯ ಹೆಸರು. ಮೊಣಕೈ ಹರಿದ ಒಂದು ಹಳೆಯ ಮಿಲಿಟರಿ ಕೋಟು ಅವನ ಮೈಬಿಟ್ಟು ಇಳಿದಿದ್ದೇ ಇಲ್ಲ. ಹೆಣದ ಹಿಂದೆ ಬಂದ ಪಡ್ಡೆ ಹುಡುಗರು ಅವನಿಗೆ ಸೆಲ್ಯೂಟ್ ಹೊಡೆದು ಕಿಸಕ್ಕನೆ ನಗುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ, ತಿರುಗಿ ಸೆಲ್ಯೂಟ್ ಹೊಡೆದು, ಬೂಟಿಗೆ ಪಾಲಿಶ್ ಇಲ್ಲ, ಊಟ ಬಂದ್ ಅನ್ನುತ್ತಿದ್ದ. ಯುದ್ಧದಲ್ಲಿ ಗುಂಡು ಹಾರುತ್ತಿರುವಾಗಲೇ ಬಯಲಿಗೆ ತೆವಳಿಕೊಂಡು ಹೋಗಿ ಸತ್ತ ಸಿಪಾಯಿಗಳನ್ನು ಹೊತ್ತು ತರುವುದು ಅವನ ಕೆಲಸವಾಗಿತ್ತಂತೆ. ತಂದು ಗುಂಡಿ ತೋಡಿ ಮಲಗಿಸುವುದೂ ಅವನೇ. ಹಾಗೆ ಒಬ್ಬನನ್ನು ಹೊತ್ತು ತರುವಾಗ ನೆಲಬಾಂಬಿನ ಮೇಲೆ ಕಾಲಿಟ್ಟ. ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಸಿಡಿದು ಬಿದ್ದ ಚೂರನ್ನು ಹುಡುಕಿಸಿ ತರಿಸಿ ತಾನೇ ಕೂತು ಮಣ್ಣು ಮಾಡಿದನಂತೆ. "ನನ್ನ ಕಾಲು ಭಾಗ ಮಣ್ಣಾಗಿ ಆಯ್ತು, ಮುಕ್ಕಾಲು ನಿನ್ನ ಪಾಲಿಗೆ" ಎಂದು ನಗುತ್ತಿದ್ದ.

ಅವನ ಹತ್ತಿರ ಮಿಲಿಟರಿಯದು ಅಂತ ಇದ್ದ ಇನ್ನೊಂದು ವಸ್ತು ತಗಡಿನ ಲೋಟ. ಬಿಳಿ ಬಣ್ಣ ಅಲ್ಲಲ್ಲಿ ಎದ್ದುಹೋದ ಲೋಟ. ಕಂಠದ ಸುತ್ತ ಬೆರಳಗಲದ ಕೆಂಪು ಗೆರೆ. ಲೋಟದ ಮಾತು ಬಂದರೆ ಅವನ ಎದೆ ಉಬ್ಬುತ್ತಿತ್ತು. ಮಿಲಿಟರಿಯಲ್ಲಿ ತನ್ನ ಲೋಟವನ್ನು ಯಾರೂ ಮುಟ್ಟುತ್ತಿರಲಿಲ್ಲ, ದೊಡ್ಡ ಆಫೀಸರ್ ಕೂಡ ಮುಟ್ಟುತ್ತಿರಲಿಲ್ಲ, ಗುರುತಿಗೆ ಅಂತಲೇ ಈ ಕೆಂಪು ಗೆರೆ ಎನ್ನುತ್ತಿದ್ದ. ಅವಳು ಅದನ್ನು ಬೂದಿ ಹಾಕಿ ಉಜ್ಜಿ, ಗೆರೆ ಮಾಸದಂತೆ ಹಗುರಾಗಿ ಒರೆಸಿ ಇಡುತ್ತಿದ್ದಳು.

ಸ್ಮಶಾನಕ್ಕೆ ಒಂದು ಗೋಡೆ ಇತ್ತು. ಗೋಡೆಯ ಈಚೆ ಹೆಸರಿದ್ದವರು, ಕಲ್ಲು ನೆಡುವವರಿದ್ದವರು. ಆಚೆ ಉದ್ದನೆಯ ಒಂದು ಕಂದಕ. ಯಂತ್ರ ಬಂದು ತೋಡಿ ಹೋಗುತ್ತಿತ್ತು. ಆಸ್ಪತ್ರೆಯ ಶವಾಗಾರದಲ್ಲಿ ಕೇಳುವವರಿಲ್ಲದೆ ಉಳಿದ ಹೆಣಗಳನ್ನು ವ್ಯಾನಿನಲ್ಲಿ ತಂದು ಅದಕ್ಕೆ ಉರುಳಿಸಿ, ಸುಣ್ಣ ಎರಚಿ, ಮೇಲೆ ಒಂದು ಪದರ ಮಣ್ಣೆಳೆಯುತ್ತಿದ್ದರು. ಅಲ್ಲಿ ಯಾರೂ ಮಲಗಿ ನೋಡುತ್ತಿರಲಿಲ್ಲ. ಒಬ್ಬನ ಮೊಣಕೈ ಇನ್ನೊಬ್ಬನ ಬಾಯಿಗೆ. ಸತ್ತ ಮೇಲೂ ಇವರಿಗೆ ನೆಟ್ಟಗೆ ಕಾಲು ಚಾಚುವ ಜಾಗ ಇಲ್ಲ. ಕ್ಯಾಪ್ಟನ್ ತನಗಾಗಿ ಅವಳನ್ನು ಕೇಳಿದ್ದು ಒಂದೇ ಒಂದು.

"ಮಗಾ, ನನ್ನನ್ನ ಗೋಡೆ ಆಚೆ ಹಾಕೋಕೆ ಬಿಡಬೇಡ. ನೀನು ತೋಡಿದ್ದಿರಬೇಕು. ನೀನು ಮಲಗಿ ನೋಡಿದ್ದಿರಬೇಕು."

ಆಯ್ತು ಮಾವ ಎಂದಿದ್ದಳು. ಎಷ್ಟು ಸುಲಭವಾಗಿ ಎಂದುಬಿಟ್ಟಿದ್ದಳು.

ಚಳಿಗಾಲಕ್ಕೆ ಅವನ ಎದೆಯಲ್ಲಿ ಕಫ ಕಟ್ಟಿತು. ಅವಳೇ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದಳು. ದಿನವೂ ಕೆಲಸ ಮುಗಿಸಿ, ಉಗುರಿನ ಮಣ್ಣು ತೆಗೆದು, ಗಂಜಿ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ದಿನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಗಂಜಿಯ ಪಾತ್ರೆ ಹಿಡಿದುಕೊಂಡೇ ಶವಾಗಾರದ ಕಿಟಕಿಗೆ ಹೋದಳು. ಒಳಗೆ ಕೂತಿದ್ದ ಗುಮಾಸ್ತ ತಲೆಯೆತ್ತದೆ ಕೇಳಿದ.

"ನಿನಗೆ ಅವನು ಏನಾಗಬೇಕು?"

ಮಾವ ಅಂತ ಕರೆಯುತ್ತೀನಿ ಎಂದಳು. ಗಂಡನ ಅಪ್ಪನಾ ಎಂದ. ಅಲ್ಲ. ಅಮ್ಮನ ತಮ್ಮನಾ ಎಂದ. ಅಲ್ಲ. ರಕ್ತಸಂಬಂಧ ಏನಾದರೂ ಇದೆಯಾ ಎಂದ. ಅವಳು ತನ್ನ ಅಂಗೈ ನೋಡಿಕೊಂಡಳು. ಗಂಡನ ಗುಂಡಿಯ ದಿನ ಸುಲಿದ ಕೈಗೆ ತನ್ನ ಬನಿಯನ್ ಹರಿದು ಕಟ್ಟಿದವನು ಅವನು. ಆ ರಕ್ತ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಸಂಬಂಧಿಕರಿಗೆ ಬಿಟ್ಟು ಬೇರೆಯವರಿಗೆ ಕೊಡುವ ಹಾಗಿಲ್ಲ, ಜಾಗ ಬಿಡು ಎಂದ ಗುಮಾಸ್ತ. ಅವಳು ಮರುದಿನ ಹೋದಳು. ಅದರ ಮರುದಿನವೂ ಹೋದಳು. ಕಿಟಕಿ ಮುಚ್ಚಿಕೊಂಡಿತು. ಬದುಕಿದ್ದಾಗ ಗಂಜಿ ಕುಡಿಸಲು ಯಾರೂ ಸಂಬಂಧ ಕೇಳಿರಲಿಲ್ಲ.

ಅದೇ ವಾರ ಹೆಣದ ವ್ಯಾನಿನ ಡ್ರೈವರ್ ಬಂದು ಸುದ್ದಿ ಹೇಳಿದ. ಶವಾಗಾರದಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಮೂವರು ಮಾಜಿ ಸೈನಿಕರನ್ನು ಮಾಜಿ ಸೈನಿಕರ ಸಂಘ ತಾನೇ ಮಣ್ಣು ಮಾಡುತ್ತದಂತೆ. ಧ್ವಜ ಹೊದಿಸಿ, ತುತ್ತೂರಿ ಊದಿ, ಗುಂಡು ಹಾರಿಸಿ. ಮಂತ್ರಿಗಳು ಬರುತ್ತಾರಂತೆ. ಗೋಡೆಯ ಈಚೆ, ಬೇವಿನ ಮರದ ಕೆಳಗೆ ಜಾಗ ಗೊತ್ತಾಗಿದೆಯಂತೆ. ಅವಳಿಗೆ ಹೋದ ಜೀವ ಬಂದಂತಾಯಿತು. ಸೆರಗು ಬಿಗಿದು ಸಂಘದ ಕಚೇರಿಗೆ ನಡೆದಳು.

"ಇನ್ನೊಬ್ಬ ಇದ್ದಾನೆ" ಎಂದಳು.

ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಕೂರಲು ಹೇಳಿದ. ಯಾವ ಯುದ್ಧ, ಹೇಗೆ ಕಾಲು ಹೋಯಿತು ಎಂದೆಲ್ಲ ಕೇಳಿ ಲೊಚಗುಟ್ಟಿದ. ಅಧ್ಯಕ್ಷರು ಕಾರ್ಯಕ್ರಮದ ದಿನ ಬಂದು ನೋಡುತ್ತಾರೆ, ಗುರುತಿಗೆ ಏನಾದರೂ ಇದ್ದರೆ ತೋರಿಸು, ಹೆಣ ಆಸ್ಪತ್ರೆಯಿಂದ ನಾವೇ ತರಿಸುತ್ತೇವೆ, ಸದ್ಯಕ್ಕೆ ನಾಲ್ಕು ತೋಡಿಡು ಎಂದ. ಅವಳು ವಾಪಸು ಬಂದಿದ್ದು ನಡೆದೋ ಹಾರಿಯೋ ಅವಳಿಗೇ ಗೊತ್ತಿಲ್ಲ.

ಬೇವಿನ ಮರದ ಕೆಳಗಿನ ನೆಲ ಗಟ್ಟಿ. ಬೇರು, ಜಲ್ಲಿಕಲ್ಲು, ಅದರ ಕೆಳಗೆ ಕೆಂಪು ಜೇಡಿ. ಹಾರೆ ಹಾಕಿದರೆ ಬೆಂಕಿ ಹಾರುತ್ತಿತ್ತು. ಅವಳು ಬೇರನ್ನು ಕೊಡಲಿಯಲ್ಲಿ ಕಡಿದಳು. ಜಲ್ಲಿಯನ್ನು ಬುಟ್ಟಿಯಲ್ಲಿ ಎತ್ತಿ ಸುರಿದಳು. ಸೊಂಟ ಹಿಡಿದುಕೊಂಡಿತು. ಉಗುರು ಕಿತ್ತು ಬಂತು. ಮೂವರಿಗೂ ಮಲಗಿ ನೋಡಿದಳು. ಅವರ ಮುಖ ಕಂಡವಳಲ್ಲ, ಆದರೂ ಬೆನ್ನಿಗೆ ಒತ್ತುವ ಒಂದು ಹರಳನ್ನೂ ಬಿಡಲಿಲ್ಲ. ನಾಲ್ಕನೆಯದನ್ನು ಕೊನೆಗಿಟ್ಟುಕೊಂಡಳು. ಅದನ್ನು ತೋಡುವಾಗ ಒಬ್ಬಳೇ ಮಾತಾಡುತ್ತಿದ್ದಳು. ಕಾಲು ಇಲ್ಲ ಅಂತ ಗುಂಡಿ ಮೋಟು ಮಾಡಲಿಲ್ಲ. ಹೋದ ಕಾಲು ಹುಡುಕಿಕೊಂಡು ಬಂದರೆ ಅದಕ್ಕೂ ಜಾಗ ಇರಲಿ ಎಂದು ಪೂರ್ತಿ ಉದ್ದಕ್ಕೆ ತೋಡಿದಳು. ಮಲಗಿ ನೋಡಿ ಎದ್ದಾಗ ಅಭ್ಯಾಸಬಲದಿಂದ ಮೇಲಕ್ಕೆ ಕೈ ಚಾಚಿದಳು. ಊರುಗೋಲು ಬರಲಿಲ್ಲ. ಗುಂಡಿಯಲ್ಲೇ ಕುಕ್ಕರಿಸಿ ಕೂತು ಅತ್ತಳು. ಅವನು ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಕಾರ್ಯಕ್ರಮದ ಬೆಳಿಗ್ಗೆ ಸ್ಮಶಾನದ ಗುರುತೇ ಸಿಗದಂತಾಗಿತ್ತು. ಬಟ್ಟೆಯ ಚಪ್ಪರ, ಸಾಲು ಕುರ್ಚಿ, ನೆಲಕ್ಕೆ ಹಸಿರು ಜಮಖಾನ. ವ್ಯಾನು ಬಂತು. ಮೂರು ಹೊಸ ಪೆಟ್ಟಿಗೆಗಳನ್ನು ಇಳಿಸಿ ಧ್ವಜ ಹೊದಿಸಿದರು. ನಾಲ್ಕನೆಯವನಿಗೆ ಪೆಟ್ಟಿಗೆ ಇರಲಿಲ್ಲ. ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿ, ಹಗ್ಗ ಬಿಗಿದು, ವ್ಯಾನಿನ ನೆಲದ ಮೇಲೆ ಮಲಗಿಸಿದ್ದರು. ಬಟ್ಟೆಯ ಒಂದು ಕಡೆ ಚಪ್ಪಟೆಯಾಗಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಇನ್ನೊಂದು ಗಳಿಗೆ ಮಾವ ಎಂದಳು.

ಸಂಘದ ಅಧ್ಯಕ್ಷರು ಬೆಳ್ಳಿ ಹಿಡಿಕೆಯ ಬೆತ್ತ ಹಿಡಿದ ನಿವೃತ್ತ ಅಧಿಕಾರಿ. ಎದೆಯ ತುಂಬ ಪದಕ. ಗುಂಡಿಗಳನ್ನು ಬಗ್ಗಿ ನೋಡಿ, ಅಂಚು ಎಷ್ಟು ನೇರ ಇದೆ ಎಂದು ಮೆಚ್ಚಿಕೊಂಡರು. ನಾಲ್ಕನೆಯವನ ಗುರುತು ಎಲ್ಲಿ ಎಂದು ಕೇಳಿದರು. ಅವಳು ಷೆಡ್ಡಿಗೆ ಓಡಿ ಲೋಟ ತಂದಳು. ರಾತ್ರಿಯೇ ಉಜ್ಜಿ ಇಟ್ಟಿದ್ದಳು. ಬಿಸಿಲಿಗೆ ಕೆಂಪು ಗೆರೆ ಹೊಳೆಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಅಧ್ಯಕ್ಷರು ಕೈ ಚಾಚಿದರು. ಗೆರೆ ಕಂಡಿತು. ಕೈ ಅಲ್ಲೇ ನಿಂತಿತು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆತ್ತದ ಮೇಲೆ ಇಟ್ಟುಕೊಂಡರು.

"ಇದು ನಮ್ಮ ಲೋಟವೇ. ಸಂಶಯ ಇಲ್ಲ" ಎಂದರು. "ಆದರೆ ಅವನು ಸೈನಿಕನಲ್ಲಮ್ಮ."

"ಮಿಲಿಟರೀಲಿದ್ದ ಸ್ವಾಮಿ. ಕಾಲು ಅಲ್ಲೇ ಹೋಗಿದ್ದು."

"ಇದ್ದ. ಕಕ್ಕಸು ತೊಳೆಯೋಕೆ, ಹೆಣ ಎತ್ತೋಕೆ ಅಂತ ಕೆಲವರನ್ನ ಇಟ್ಕೊಂಡಿರ್ತಿದ್ವಿ. ಅವರ ಲೋಟ ನಮ್ಮದರ ಜೊತೆ ಬೆರೆತುಹೋಗಬಾರದು ಅಂತ ಕೆಂಪು ಗೆರೆ ಹಾಕಿಸ್ತಿದ್ವಿ."

ದನಿಯಲ್ಲಿ ಸಿಟ್ಟಿರಲಿಲ್ಲ. ತಾತ್ಸಾರ ಕೂಡ ಇರಲಿಲ್ಲ. ಹವಾಮಾನ ಹೇಳುವವರಂತೆ ಹೇಳಿದರು. ಅವಳ ಕೈಯಲ್ಲಿ ಲೋಟ ಹಾಗೇ ಇತ್ತು.

ನನ್ನ ಲೋಟ ಯಾರೂ ಮುಟ್ಟುತ್ತಿರಲಿಲ್ಲ ಮಗಾ. ದೊಡ್ಡ ಆಫೀಸರ್ ಕೂಡ.

ಅವನು ಅದನ್ನು ಹೇಳುವಾಗ ನಗುತ್ತಿದ್ದ. ಪ್ರತಿ ಸಲವೂ ನಗುತ್ತಿದ್ದ. ಮುದುಕನಿಗೆ ಗೊತ್ತಿತ್ತು. ಅಷ್ಟು ವರ್ಷ ಆ ಅವಮಾನವನ್ನು ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡಿ ಅವಳ ಕೈಗೆ ಕೊಟ್ಟಿದ್ದ. ಅವಳು ಅದನ್ನು ಅಷ್ಟೇ ಪ್ರೀತಿಯಿಂದ ತಂದು ಇವರ ಮುಂದೆ ಹಿಡಿದಿದ್ದಳು. ಅವನನ್ನು ಗೋಡೆಯ ಆಚೆ ನೂಕಲು ಬೇಕಿದ್ದ ಸಾಕ್ಷಿಯನ್ನು ಅವಳೇ ತೊಳೆದು ತಂದುಕೊಟ್ಟಿದ್ದಳು.

ನೀವು ಬಿಟ್ಟು ಬಂದ ಹೆಣಗಳನ್ನು ಹೊತ್ತು ತಂದವನು ಅವನಲ್ಲವೇ ಎಂದು ಕೇಳಿದಳು. ನಿಯಮ ನಾನು ಮಾಡಿದ್ದಲ್ಲ ಎಂದರು ಅಧ್ಯಕ್ಷರು. ಬೆತ್ತ ಊರಿಕೊಂಡು ಚಪ್ಪರದ ಕಡೆ ಹೊರಟರು. ಮೇಸ್ತ್ರಿ ಓಡಿಬಂದ. ಮಂತ್ರಿಗಳು ಊರಿನ ಹತ್ತಿರ ಬಂದಿದ್ದಾರೆ, ಖಾಲಿ ಗುಂಡಿ ಫೋಟೋದಲ್ಲಿ ಬಿದ್ದರೆ ಅಪಶಕುನದ ಹಾಗೆ ಕಾಣುತ್ತದೆ, ನಾಲ್ಕನೆಯದನ್ನು ಬೇಗ ಮುಚ್ಚು ಎಂದ.

ಅವಳು ಗುದ್ದಲಿ ತೆಗೆದುಕೊಳ್ಳಲಿಲ್ಲ. ಲೋಟ ಹಿಡಿದುಕೊಂಡೇ ನಾಲ್ಕನೆಯ ಗುಂಡಿಗೆ ಇಳಿದಳು. ಅಂಗಾತ ಮಲಗಿದಳು. ಲೋಟವನ್ನು ಎದೆಯ ಮೇಲೆ ಇಟ್ಟುಕೊಂಡಳು.

ಮೇಸ್ತ್ರಿ ಮೊದಲು ಅಳತೆ ನೋಡುತ್ತಿದ್ದಾಳೆ ಅಂದುಕೊಂಡ. ಅಳತೆ ಆಮೇಲೆ, ಏಳು ಎಂದ. ಏಳಲ್ಲ ಎಂದಳು. ಅವನು ಬೈದ. ಕೆಲಸದಿಂದ ಕಿತ್ತು ಹಾಕುತ್ತೀನಿ ಎಂದ. ಆಮೇಲೆ ಅಂಗಲಾಚಿದ, ನನ್ನ ಮಕ್ಕಳ ಮುಖ ನೋಡು ತಾಯಿ ಎಂದ. ಅವಳು ಆಕಾಶ ನೋಡುತ್ತಿದ್ದಳು.

"ಈ ಗುಂಡಿ ಅವನದು. ಅವನು ಬಂದರೆ ಏಳ್ತೀನಿ. ಇಲ್ಲ ಅಂದ್ರೆ ಮಣ್ಣು ಹಾಕಿ."

ಗೇಟಿನ ಕಡೆಯಿಂದ ಕಾರಿನ ಹಾರ್ನ್ ಕೇಳಿಸಿತು. ಮೇಸ್ತ್ರಿಯ ಮುಖ ಬಿಳಚಿಕೊಂಡಿತು. ಅವನು ಅತ್ತ ಇತ್ತ ನೋಡಿ ಇಬ್ಬರು ಆಳುಗಳನ್ನು ಕರೆದ. ಪೆಟ್ಟಿಗೆ ಇಳಿಸಲು ತಂದಿದ್ದ ಹಲಗೆಗಳನ್ನು ಅವಳ ಗುಂಡಿಗೆ ಅಡ್ಡಲಾಗಿ ಹಾಕಿಸಿದ. ಹಲಗೆಯ ಮೇಲೆ ಹಸಿರು ಜಮಖಾನ ಎಳೆಸಿದ. ಬದುಕಿರುವ ಹೆಂಗಸಿನ ಮೇಲೆ ಜಮಖಾನ ಹೊದಿಸಿ, ಅದರ ಸುಕ್ಕು ಬಿಡಿಸಲು ಒಬ್ಬ ಆಳಿಗೆ ಹೇಳಿದ. ದೇಶದ ಮಾನ ಉಳಿಯಿತು.

ಒಳಗೆ ಕತ್ತಲಾಯಿತು. ಹಲಗೆಯ ಸಂದಿಯಲ್ಲಿ ಒಂದಿಷ್ಟು ಹಸಿರು ಬೆಳಕು. ಮಣ್ಣಿನ ತಂಪು ಬೆನ್ನಿಗೆ ಹತ್ತಿತು. ಮೇಲೆ ಬೂಟುಗಳು ಓಡಾಡಿದವು. ವ್ಯಾನು ಹೊರಟ ಸದ್ದು ಕೇಳಿಸಿತು. ಮಂತ್ರಿಯ ಕಾರಿಗೆ ಜಾಗ ಮಾಡುತ್ತಿದ್ದಾರೆ ಅಂದುಕೊಂಡಳು. ತುತ್ತೂರಿ ಊದಿದರು. ಗುಂಡು ಹಾರಿಸಿದಾಗ ನೆಲ ಅದುರಿ ಅವಳ ಮುಖದ ಮೇಲೆ ಪುಡಿಮಣ್ಣು ಉದುರಿತು. ಕಣ್ಣಿಗೆ ಬಿತ್ತು. ಒರೆಸಿಕೊಳ್ಳಲಿಲ್ಲ. ಪಕ್ಕದ ಮೂರು ಗುಂಡಿಗಳಿಗೆ ಪೆಟ್ಟಿಗೆ ಇಳಿದದ್ದು ಮಣ್ಣಿನೊಳಗಿಂದಲೇ ಅವಳಿಗೆ ಗೊತ್ತಾಯಿತು. ಆ ಮೂವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರೂ ಯಾರಿಗೂ ಬೇಡವಾಗಿ ತಣ್ಣನೆಯ ಕೋಣೆಯಲ್ಲಿ ಬಿದ್ದಿದ್ದವರೇ. ಅವರಿಗೆ ಒತ್ತದ ಹಾಗೆ ತೋಡಿದ್ದೀನಿ, ಅಷ್ಟು ಸಾಕು ಅಂದುಕೊಂಡಳು.

ಮಂತ್ರಿ ಭಾಷಣ ಶುರು ಮಾಡಿದರು. ದನಿ ಗದ್ಗದವಾಗಿತ್ತು, ಅಭ್ಯಾಸವೂ ಇತ್ತು. ಈ ನೆಲಕ್ಕಾಗಿ ದುಡಿದ ಯಾರೂ ಅನಾಥರಲ್ಲ ಎಂದರು. ಇವತ್ತು ನಾವು ಯಾರೊಬ್ಬರನ್ನೂ ಹಿಂದೆ ಬಿಟ್ಟಿಲ್ಲ ಎಂದರು.

"ಇನ್ನೊಬ್ಬ ಇದ್ದಾನೆ."

ನೆಲದೊಳಗಿಂದ ಬಂತು ದನಿ. ಮಂತ್ರಿ ಮಾತು ನಿಲ್ಲಿಸಿದರು. ಜನ ಪೆಟ್ಟಿಗೆ ಇಳಿಸಿದ ಮೂರು ಗುಂಡಿಗಳ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಬಿದ್ದ ಸದ್ದಾಯಿತು.

"ಇನ್ನೊಬ್ಬ ಇದ್ದಾನೆ" ಎಂದಳು ಮತ್ತೆ. ಕೂಗಲಿಲ್ಲ. ಕೂಗುವ ಅಗತ್ಯ ಇರಲಿಲ್ಲ, ಅಷ್ಟು ನಿಶ್ಶಬ್ದವಾಗಿತ್ತು. "ನಿಮ್ಮ ಹೆಣ ಹೊತ್ತವನು. ನಿಮ್ಮ ಹೇಲು ತೊಳೆದವನು. ವ್ಯಾನಲ್ಲಿದ್ದಾನೆ. ಒಂದು ಕಾಲಿಲ್ಲ."

ಮೇಸ್ತ್ರಿ ಎರಡೂ ಕೈಯೆತ್ತಿ ತುತ್ತೂರಿಯವನಿಗೆ ಸನ್ನೆ ಮಾಡಿದ. ತುತ್ತೂರಿ ಹೊತ್ತಲ್ಲದ ಹೊತ್ತಿನಲ್ಲಿ ಮೊಳಗಿತು. ಅದರ ಮರೆಯಲ್ಲಿ ಮಂತ್ರಿಗಳು ಕಾರು ಹತ್ತಿದರು. ಕಾರು ಹೋದ ಮೇಲೂ ತುತ್ತೂರಿ ಸ್ವಲ್ಪ ಹೊತ್ತು ಮೊಳಗುತ್ತಲೇ ಇತ್ತು.

ಜಮಖಾನ ತೆಗೆದವನು ವ್ಯಾನಿನ ಡ್ರೈವರ್. ಹಲಗೆ ಸರಿಸಿದ. ಬೆಳಕು ಕಣ್ಣಿಗೆ ಚುಚ್ಚಿತು. ಅವಳು ಎದ್ದು ಕೂತು, ಅವನನ್ನು ಇಳಿಸೋಣ ಬಾ, ತಲೆ ಕಡೆ ನಾನು ಹಿಡಿಯುತ್ತೀನಿ ಎಂದಳು. ಡ್ರೈವರ್ ನೆಲ ನೋಡುತ್ತಾ ನಿಂತ.

"ಅಕ್ಕಾ, ಮಂತ್ರಿಗಳು ಕಾರಿಂದ ಇಳಿಯೋಕೆ ಮುಂಚೇನೇ ಮೇಸ್ತ್ರಿ ಹೇಳಿಬಿಟ್ರು. ನೀನು ಒಳಗಿದ್ದಾಗ. ಗೋಡೆ ಆಚೆ ಇಳಿಸಿ ಬಂದೆ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನಿಗಾಗಿ ಅವಳು ಇಲ್ಲಿ ಮಲಗಿದ್ದಳು. ಅಷ್ಟರಲ್ಲಿ ಅವನನ್ನು ಅಲ್ಲಿ ಉರುಳಿಸಿದ್ದರು. ವ್ಯಾನಿನ ಸದ್ದು ಕೇಳಿದ್ದಳು. ಕೇಳಿಯೂ ಅಲ್ಲಾಡದೆ ಮಲಗಿದ್ದಳು.

ಲೋಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಹತ್ತಿ, ಗೋಡೆಯ ಕಂಡಿ ದಾಟಿ ಓಡಿದಳು. ಕಂದಕದ ಅಂಚಿನಲ್ಲಿ ಇಬ್ಬರು ಆಳುಗಳು ಸುಣ್ಣದ ಚೀಲ ಮಡಚುತ್ತಿದ್ದರು. ಅವಳ ಜೊತೆ ಎಷ್ಟೋ ಸಲ ಬುಟ್ಟಿ ಹೊತ್ತವರು. ಮೇಸ್ತ್ರಿ ಹೇಳಿದ್ರು ಅಕ್ಕಾ ಎಂದರು. ಅವಳು ಉತ್ತರ ಕೊಡದೆ ಕೆಳಗೆ ಧುಮುಕಿದಳು. ಬಿಳಿ ಸುಣ್ಣ, ಅದರ ಕೆಳಗೆ ಬಟ್ಟೆ ಸುತ್ತಿದ ಮೈಗಳು. ಹಳೆಯವು, ಹೊಸವು. ಎಲ್ಲವೂ ಒಂದೇ ಬಣ್ಣ. ಗುದ್ದಲಿ ಹಾಕಿದರೆ ಯಾರಿಗೆ ತಾಗುತ್ತದೋ ಎಂದು ಬರಿಗೈಯಲ್ಲಿ ಸುಣ್ಣ ಸರಿಸಿದಳು. ಸುಣ್ಣ ಬೆವರಿಗೆ ತಾಗಿ ಅಂಗೈ ಉರಿಯತೊಡಗಿತು. ಕಿತ್ತ ಉಗುರಿನೊಳಗೆ ಇಳಿಯಿತು. ಮುಖ ನೋಡಲಿಲ್ಲ. ಕಾಲು ಮುಟ್ಟಿ ನೋಡಿದಳು. ಎರಡು ಕಾಲು. ಎರಡು ಕಾಲು. ಕ್ಷಮಿಸಪ್ಪ ಎಂದು ಪ್ರತಿಯೊಬ್ಬನನ್ನೂ ಪಕ್ಕಕ್ಕೆ ಒರಗಿಸಿದಳು. ಇನ್ನೂ ಎರಡು ಕಾಲು. ಆಮೇಲೆ ಬಟ್ಟೆ ಚಪ್ಪಟೆಯಾಗಿದ್ದ ಜಾಗ ಕೈಗೆ ಸಿಕ್ಕಿತು. ಮೊಣಕಾಲಿನ ಮೋಟು ಸಿಕ್ಕಿತು. ಬದುಕಿದ್ದಾಗ ಅವಳೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ ಮೋಟು.

"ಮಾವ" ಎಂದಳು.

ಹೆಣವನ್ನು ಭುಜದ ಮೇಲೆ ಹೊರಬಾರದು, ಸೊಂಟದ ಮೇಲೆ ಕೂರಿಸಿಕೊಂಡು ಮುಂದಕ್ಕೆ ಬಾಗಬೇಕು ಎಂದು ಅವನೇ ಹೇಳಿಕೊಟ್ಟಿದ್ದ. ಹಾಗೇ ಹೊತ್ತಳು. ಹೊರಗೆ ಹತ್ತುವಾಗ ಒಮ್ಮೆ ಜಾರಿ ಮಂಡಿ ಊರಿದಳು. ಆಳುಗಳಲ್ಲಿ ಒಬ್ಬ ಅವಳ ತೋಳು ಹಿಡಿದೆತ್ತಿದ.

ಕಂಡಿಯಲ್ಲಿ ಮೇಸ್ತ್ರಿ ಅಡ್ಡ ನಿಂತಿದ್ದ. ಆ ಜಾಗ ಸೈನಿಕರಿಗೆ ಕೊಟ್ಟಿದ್ದು, ಒಂದು ಸಲ ಹಾಕಿದ ಹೆಣ ತೆಗೆಯುವ ಹಾಗಿಲ್ಲ, ನಿನ್ನ ಕೆಲಸ ಇವತ್ತಿಗೆ ಮುಗಿಯಿತು ಎಂದ. ಅವಳು ಬಾಗಿದ ತಲೆ ಎತ್ತಲಿಲ್ಲ. ನಡೆಯುವುದನ್ನೂ ನಿಲ್ಲಿಸಲಿಲ್ಲ. ಸುಣ್ಣ ಮೆತ್ತಿದ ಹೆಣ ತನ್ನ ಅಂಗಿಗೆ ತಾಗುತ್ತದೆಂದು ಅವನೇ ಸರಿದುಕೊಂಡ.

ಚಪ್ಪರದಡಿ ಮಾಜಿ ಸೈನಿಕರು ಚಹಾ ಕುಡಿಯುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಅವಳು ಕುರ್ಚಿಗಳ ನಡುವೆ ಅವನನ್ನು ಹೊತ್ತು ನಡೆದಳು. ಸುಣ್ಣದ ಪುಡಿ ಹಸಿರು ಜಮಖಾನದ ಮೇಲೆ ಉದುರುತ್ತಾ ಹೋಯಿತು. ಒಬ್ಬ ಎದ್ದು ನಿಂತ. ಆಮೇಲೆ ಇನ್ನೊಬ್ಬ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಎದ್ದದ್ದು ಗೌರವಕ್ಕೋ ವಾಸನೆಗೋ ಅವಳು ನೋಡಲಿಲ್ಲ.

ಹೆಣ ಇಳಿಸಲು ಇಬ್ಬರು ಬೇಕು. ಅವಳು ಯಾರನ್ನೂ ಕರೆಯಲಿಲ್ಲ. ಅಂಚಿನಲ್ಲಿ ಕೂತು, ಅವನನ್ನು ಬೆನ್ನಿಗೆ ಒತ್ತಿಹಿಡಿದು, ತಾನೇ ಕೆಳಗೆ ಜಾರಿದಳು. ಗುಂಡಿಯ ತಳದ ಜೇಡಿಯಲ್ಲಿ ಅವಳ ಮೈಯ ಅಚ್ಚು ಇನ್ನೂ ಹಾಗೇ ಇತ್ತು. ತಲೆಯದು, ಭುಜದ್ದು, ಹಿಮ್ಮಡಿಯದು. ಆ ಅಚ್ಚಿನಲ್ಲಿ ಅವನನ್ನು ಮಲಗಿಸಿದಳು. ಹಗ್ಗ ಬಿಚ್ಚಿದಳು. ಮುಖದ ಸುಣ್ಣವನ್ನು ಸೆರಗಿನಿಂದ ಒರೆಸಿದಳು. ಕೆನ್ನೆ ಅಲ್ಲಲ್ಲಿ ಸುಟ್ಟಿತ್ತು. ಲೋಟವನ್ನು ಅವನ ಕೈಯ ಹತ್ತಿರ ಇಟ್ಟಳು. ಆಮೇಲೆ ತೆಗೆದುಕೊಂಡಳು. ಇದು ನಿನ್ನ ಜೊತೆ ಬರುವುದು ಬೇಡ, ಇದನ್ನು ನಾನು ಇಟ್ಟುಕೊಳ್ಳುತ್ತೀನಿ, ನಾನು ಇದರಲ್ಲೇ ಕುಡಿಯುತ್ತೀನಿ ಎಂದಳು.

ಮೇಲೆ ಹತ್ತಲು ಎದ್ದು ನಿಂತಾಗ ಕಣ್ಣ ಮುಂದೆ ಒಂದು ಕೋಲು ಇಳಿದುಬಂತು. ಊರುಗೋಲು ಅಂದುಕೊಂಡು ಕೈ ಎತ್ತಿದಳು. ಅದು ಬೆಳ್ಳಿ ಹಿಡಿಕೆಯ ಬೆತ್ತ. ಮೇಲೆ ಅಧ್ಯಕ್ಷರು ಬಗ್ಗಿ ನಿಂತಿದ್ದರು. ಹಿಡಿದುಕೊಳ್ಳಮ್ಮ ಎಂದರು.

ಅವಳು ಹಿಡಿಯಲಿಲ್ಲ. ಗುಂಡಿಯ ಗೋಡೆಗೆ ಬೆರಳು ಊರಿ, ಕಾಲ ಬೆರಳಿಗೆ ಕುಳಿ ಕೆರೆದುಕೊಂಡು, ಸುಟ್ಟ ಅಂಗೈಯನ್ನು ಅಂಚಿಗೆ ಒತ್ತಿ ಹತ್ತಿಬಂದಳು. ಹಲ್ಲು ಕಚ್ಚಿದ್ದಕ್ಕೆ ತುಟಿಯಲ್ಲಿ ರಕ್ತ ಬಂದಿತ್ತು. ಅಧ್ಯಕ್ಷರು ಬೆತ್ತ ಎಳೆದುಕೊಂಡು ನಿಂತರು. ಕೇಳಬಾರದಿದ್ದನ್ನೇ ಕೇಳಿದರು.

"ನಿನಗೆ ಅವನು ಏನಾಗಬೇಕು?"

ಅವಳು ಗುದ್ದಲಿಗೆ ಚಾಚಿದ ಕೈ ನಿಲ್ಲಿಸಿದಳು. ಅವರ ಎದೆಯ ಪದಕಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮುಖ ನೋಡಿದಳು.

"ನನ್ನನ್ನ ಆಸ್ಪತ್ರೆಯವರು ಕೇಳಿ ಆಯ್ತು ಸ್ವಾಮಿ. ಈಗ ನಾನು ನಿಮ್ಮನ್ನ ಕೇಳ್ತೀನಿ. ನಿಮಗೆ ಅವನು ಏನಾಗಬೇಕು?"

ಅಧ್ಯಕ್ಷರು ಬಾಯಿ ತೆರೆದರು. ಅವಳು ಕಾಯಲಿಲ್ಲ. ಮಣ್ಣು ತುಂಬುವುದು ಬಾಕಿ ಇತ್ತು, ಗುದ್ದಲಿ ತೆಗೆದುಕೊಂಡಳು.